ಚಾಟ್ ಕ್ಲೈಂಟ್‌ನ ಡೆಬ್ ಕಟ್ಟಿದ್ದಾಯಿತು, ಡೆಬಿಯನ್‌ಗೆ ಸೇರಿಸುವುದು ಹೇಗೆ?

ಪ್ರಶ್ನೆ: ತಿಪಟೂರಿನ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ 30 ಕಂಪ್ಯೂಟರ್‌ಗಳಿಗೆ ಡೆಬಿಯನ್ 13 ಹಾಕಿದ್ದೇವೆ. ಕ್ಯಾಂಪಸ್ಸಿನೊಳಗೇ ಒಂದು ಎಕ್ಸ್‌ಎಂಪಿಪಿ (ಚಾಟ್‌ಗೆಂದು ಇರುವ ಮುಕ್ತ ಪದ್ಧತಿ) ಸರ್ವರ್ ಇದೆ. ಪೈಥಾನ್ ಮತ್ತು ಜಿಟಿಕೆ 4ರಲ್ಲಿ (ಕಿಟಕಿ, ಗುಂಡಿ ಬಿಡಿಸುವ ಲೈಬ್ರರಿ) ಬರೆದ ಚಿಕ್ಕ ಚಾಟ್ ಕ್ಲೈಂಟ್ ಒಂದು ನಮಗೆ ಹಿಡಿಸಿದೆ, ಆದರೆ ಅದು ಡೆಬಿಯನ್‌ನಲ್ಲಿ ಇಲ್ಲ. ನಾವೇ ಡೆಬ್ (ಡೆಬಿಯನ್‌ನಲ್ಲಿ ಹಾಕಿಕೊಳ್ಳುವ ಪ್ಯಾಕೇಜು ಕಡತ) ಕಟ್ಟಿದೆವು. ಕಟ್ಟಿದ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ. ಉಳಿದವುಗಳಲ್ಲಿ ಕೆಲವು ಕಡೆ ಕಿಟಕಿಯೇ ತೆರೆಯುವುದಿಲ್ಲ, ಕೆಲವು ಕಡೆ ತೆರೆದರೂ ಲಾಗಿನ್ ಆಗುವುದಿಲ್ಲ. ಇದನ್ನು ಸರಿ ಮಾಡಿ ಡೆಬಿಯನ್‌ಗೇ ಕೊಡುವ ಆಸೆ ಇದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಡೆಬ್ ಕಟ್ಟುವುದು ಒಂದು ಮಧ್ಯಾಹ್ನದ ಕೆಲಸ. ಅದರೊಳಗೆ ಏನೇನಿದೆ, ಅದು ಯಾವುದರ ಮೇಲೆ ನಿಂತಿದೆ ಎಂದು ಪೂರ್ತಿ ಪತ್ತೆ ಮಾಡುವುದಕ್ಕೆ ವಾರಗಳು ಹಿಡಿಯುತ್ತವೆ. ನಿಮ್ಮ ಲ್ಯಾಬ್‌ನ ತೊಂದರೆಯೂ ಅಲ್ಲೇ ಇರುವುದರಿಂದ ಅದನ್ನೇ ಮೊದಲು ಬಿಡಿಸೋಣ. ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಕಿಟಕಿ ತೆರೆಯದ ಯಂತ್ರದಲ್ಲಿ ಕ್ಲೈಂಟನ್ನು ಟರ್ಮಿನಲ್‌ನಿಂದ ಓಡಿಸಿ. ಬಹುತೇಕ ‘ನೇಮ್‌ಸ್ಪೇಸ್ ಇಂಥದ್ದು ನಾಟ್ ಅವೈಲಬಲ್’ ಎಂಬ ದೂರು ಕಾಣುತ್ತದೆ. ಪೈಥಾನ್ ಪ್ರೋಗ್ರಾಮಿಗೆ ಬೇಕಾದ ಪೈಥಾನ್ ಲೈಬ್ರರಿಗಳನ್ನು ‘ಡಿಎಚ್_ಪೈಥಾನ್3’ ತಾನೇ ಹುಡುಕಿ ಡಿಪೆಂಡ್ಸ್ ಸಾಲಿಗೆ (ಪ್ಯಾಕೇಜಿನ ಜೊತೆ ಇರಲೇಬೇಕಾದವುಗಳ ಪಟ್ಟಿ) ತುಂಬುತ್ತದೆ. ಆದರೆ ಅದು ಓದುವುದು ಪೈಥಾನ್‌ನ ಮೆಟಾಡೇಟಾವನ್ನು ಮಾತ್ರ. ಜಿಟಿಕೆ, ಲಿಬ್‌ಅಡ್ವೈಟಾ, ಲಿಬ್‌ಸೀಕ್ರೆಟ್ ಇಂಥವು ಪೈಥಾನ್‌ಗೆ ಟೈಪ್‌ಲಿಬ್ ಎಂಬ ಕಡತಗಳ ಮೂಲಕ ಸಿಗುತ್ತವೆ, ಅವು ಮೆಟಾಡೇಟಾದಲ್ಲಿ ಇರುವುದೇ ಇಲ್ಲ. ನೀವು ಕೈಯಿಂದಲೇ ಬರೆಯಬೇಕು. ಸೋರ್ಸ್ ಫೋಲ್ಡರಿನಲ್ಲಿ ‘ಗ್ರೆಪ್’ ಹಾಕಿ ‘ರಿಕ್ವೈರ್_ವರ್ಷನ್’ ಎಂಬ ಪದ ಹುಡುಕಿ. ಸಿಕ್ಕ ಪ್ರತಿ ಸಾಲಿಗೂ ‘ಜಿಐಆರ್1.2’ ಎಂದು ಶುರುವಾಗುವ ಒಂದು ಪ್ಯಾಕೇಜು ಇರುತ್ತದೆ. ಜಿಟಿಕೆ 4ಕ್ಕೆ ‘ಜಿಐಆರ್1.2-ಜಿಟಿಕೆ-4.0’. ಅದನ್ನು ಡಿಪೆಂಡ್ಸ್‌ಗೆ ಸೇರಿಸಿ. ಕೆಲವು ಕ್ಲೈಂಟ್‌ಗಳು ಈ ಸಾಲನ್ನು ‘ಟ್ರೈ’ ಒಳಗೆ ಇಟ್ಟಿರುತ್ತವೆ. ಅಂದರೆ ಇದ್ದರೆ ಬಳಸು, ಇಲ್ಲದಿದ್ದರೆ ಸುಮ್ಮನಿರು ಎಂದು. ಅಂಥವು ರೆಕಮೆಂಡ್ಸ್‌ಗೆ, ಅಂದರೆ ಇದ್ದರೆ ಒಳ್ಳೆಯದು ಎನ್ನುವವುಗಳ ಪಟ್ಟಿಗೆ ಹೋಗಲಿ.

ಲಾಗಿನ್ ಆಗದಿರುವುದು ಇದಕ್ಕಿಂತ ಸ್ವಲ್ಪ ಒಳಗಿನ ವಿಷಯ. ಜಿಟಿಕೆಗೆ ಬುಡವಾಗಿರುವ ಜಿಲಿಬ್ ಲೈಬ್ರರಿಯ ಜಿಐಒ ಮೂಲಕ ನೆಟ್‌ವರ್ಕ್‌ಗೆ ಹೋಗುವ ಪ್ರೋಗ್ರಾಮುಗಳಿಗೆ ಟಿಎಲ್‌ಎಸ್ ಗೂಢಲಿಪಿ ಜಿಲಿಬ್‌ನೊಳಗೇ ಸಿಗುವುದಿಲ್ಲ. ಅದನ್ನು ಒದಗಿಸುವ ಮಾಡ್ಯೂಲ್ ‘ಜಿಲಿಬ್-ನೆಟ್‌ವರ್ಕಿಂಗ್’ ಎಂಬ ಬೇರೆ ಪ್ಯಾಕೇಜಿನಲ್ಲಿದೆ, ಓಡುವ ಹೊತ್ತಿಗೆ ಲೋಡ್ ಆಗುತ್ತದೆ. ಅದಿಲ್ಲದ ಯಂತ್ರದಲ್ಲಿ ಕಿಟಕಿ ತೆರೆಯುತ್ತದೆ, ಹೆಸರು ಪಾಸ್‌ವರ್ಡ್ ಕೇಳುತ್ತದೆ, ಸರ್ವರ್ ಟಿಎಲ್‌ಎಸ್ ಶುರು ಮಾಡು ಎಂದ ಕೂಡಲೇ ‘ಟಿಎಲ್‌ಎಸ್ ಸಪೋರ್ಟ್ ಈಸ್ ನಾಟ್ ಅವೈಲಬಲ್’ ಎಂದು ಕೈಚೆಲ್ಲುತ್ತದೆ. ಗ್ನೋಮ್ ಡೆಸ್ಕ್‌ಟಾಪ್ ಇರುವ ಕಡೆ ಇವೆಲ್ಲ ಆಗಲೇ ಬಂದು ಕೂತಿರುತ್ತವೆ. ನೀವು ಡೆಬ್ ಕಟ್ಟಿದ ಯಂತ್ರದಲ್ಲಿ ಗ್ನೋಮ್ ಇದ್ದು, ಹಳೆಯ ಯಂತ್ರಗಳಲ್ಲಿ ಹಗುರವಾದ ಡೆಸ್ಕ್‌ಟಾಪ್ ಇದ್ದರೆ ಕಾರಣ ಇದೇ. ‘ಜಿಲಿಬ್-ನೆಟ್‌ವರ್ಕಿಂಗ್’ ಮತ್ತು ‘ಸಿಎ-ಸರ್ಟಿಫಿಕೇಟ್ಸ್’ ಎರಡನ್ನೂ ಡಿಪೆಂಡ್ಸ್‌ನಲ್ಲೇ ಇಡಿ. ಚಾಟ್ ಕ್ಲೈಂಟ್‌ಗೆ ಸುರಕ್ಷಿತ ಸಂಪರ್ಕ ಐಚ್ಛಿಕವಾಗಬಾರದು.

ಕರೆ ಮಾಡುವ ಸೌಲಭ್ಯ ಇದ್ದರೆ ಧ್ವನಿ, ವಿಡಿಯೊ ನೋಡಿಕೊಳ್ಳುವ ಜಿಸ್ಟ್ರೀಮರ್ ಪ್ಲಗಿನ್‌ಗಳದೂ ಇದೇ ಕಥೆ. ಕರೆಯ ದಾರಿ ಹುಡುಕಲು ‘ಜಿಸ್ಟ್ರೀಮರ್1.0-ನೈಸ್’, ಮಾಧ್ಯಮಕ್ಕೆ ‘ಪ್ಲಗಿನ್ಸ್-ಗುಡ್’ ಮತ್ತು ‘ಪ್ಲಗಿನ್ಸ್-ಬ್ಯಾಡ್’ ಬೇಕಾಗುತ್ತವೆ, ಯಾವ ಉಪಕರಣವೂ ಇವನ್ನು ಪತ್ತೆ ಮಾಡಿ ಕೊಡುವುದಿಲ್ಲ. ರೆಕಮೆಂಡ್ಸ್ ಇವಕ್ಕೆ ಸರಿಯಾದ ಜಾಗ. ಡೆಬಿಯನ್‌ನಲ್ಲಿ ಪ್ಯಾಕೇಜು ಹಾಕುವ ಆಪ್ಟ್ ಸಾಮಾನ್ಯವಾಗಿ ರೆಕಮೆಂಡ್ಸ್ ಕೂಡ ಹಾಕುತ್ತದೆ. ಲ್ಯಾಬ್‌ಗಳಲ್ಲಿ ಡಿಸ್ಕ್ ಉಳಿಸಲೆಂದು ಅದನ್ನು ಆಫ್ ಮಾಡಿಟ್ಟಿರುವುದುಂಟು, ನಿಮ್ಮಲ್ಲೂ ಹಾಗಿದೆಯೇ ನೋಡಿಕೊಳ್ಳಿ.

ಇಷ್ಟು ಆದ ಮೇಲೆ ಇನ್ನು ಮುಂದೆ ನಿಮ್ಮ ಕೆಲಸದ ಯಂತ್ರದಲ್ಲಿ ನೇರವಾಗಿ ಬಿಲ್ಡ್ ಮಾಡುವುದನ್ನು ನಿಲ್ಲಿಸಿ. ಯಾವಾಗಲೋ ‘ಪಿಪ್’ ಹಾಕಿ ಇಳಿಸಿಕೊಂಡ ಲೈಬ್ರರಿ ಹೋಮ್ ಫೋಲ್ಡರಿನಲ್ಲಿ ಅಡಗಿರುತ್ತದೆ, ಬಿಲ್ಡ್ ಅದನ್ನೇ ಹಿಡಿದುಕೊಂಡು ಪಾಸಾಗುತ್ತದೆ. ‘ಎಸ್‌ಬಿಲ್ಡ್’, ‘ಎಂಎಂಡೆಬ್‌ಸ್ಟ್ರ್ಯಾಪ್’, ‘ಯುಐಡಿಮ್ಯಾಪ್’ ಈ ಮೂರು ಪ್ಯಾಕೇಜು ಹಾಕಿಕೊಂಡು ಎಸ್‌ಬಿಲ್ಡನ್ನು ‘ಅನ್‌ಶೇರ್’ ಕ್ರಮದಲ್ಲಿ ಬಳಸಿ. ರೂಟ್ ಅಧಿಕಾರ ಬೇಕಿಲ್ಲ. ಪ್ರತಿ ಸಲ ಬರಿಯ ಡೆಬಿಯನ್ ಅನ್‌ಸ್ಟೇಬಲ್ (ಹೊಸ ಪ್ಯಾಕೇಜುಗಳು ಮೊದಲು ಬಂದು ಸೇರುವ ಆವೃತ್ತಿ) ಒಂದನ್ನು ಬಿಚ್ಚಿ, ನೀವು ‘ಬಿಲ್ಡ್-ಡಿಪೆಂಡ್ಸ್’ನಲ್ಲಿ ಬರೆದದ್ದನ್ನಷ್ಟೇ ಹಾಕಿ, ನೆಟ್ ಕಡಿದು ಬಿಲ್ಡ್ ಮಾಡುತ್ತದೆ. ಪ್ರತಿ ಸಲವೂ ನೂರಾರು ಎಂಬಿ ಇಳಿಯಬಾರದು ಎಂದರೆ ಲ್ಯಾಬ್‌ನ ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಷರ್-ಎನ್‌ಜಿ’ ಓಡಿಸಿ; 30 ಯಂತ್ರಗಳ ಅಪ್‌ಡೇಟ್‌ಗೂ ಅದು ಉಪಯೋಗಕ್ಕೆ ಬರುತ್ತದೆ.

ನೆಟ್ ಕಡಿಯುವುದು ಎಸ್‌ಬಿಲ್ಡ್‌ನ ಹಟವಲ್ಲ. ಬಿಲ್ಡ್ ಆಗುವಾಗ ಹೊರಗಿನ ನೆಟ್‌ವರ್ಕ್ ಮುಟ್ಟಬಾರದು ಎಂದು ಡೆಬಿಯನ್ ಪಾಲಿಸಿಯ 4.9ನೇ ವಿಭಾಗದಲ್ಲೇ ಇದೆ, ಯಂತ್ರದೊಳಗಿನ ಲೂಪ್‌ಬ್ಯಾಕ್‌ಗಷ್ಟೇ ವಿನಾಯಿತಿ. ಚಾಟ್ ಕ್ಲೈಂಟ್‌ಗಳು ಎಡವುವುದು ಇಲ್ಲೇ. ಬಿಲ್ಡ್ ಮುಗಿಯುತ್ತಿದ್ದಂತೆ ಪರೀಕ್ಷೆಗಳು ಓಡುತ್ತವೆ. ಅವುಗಳಲ್ಲಿ ಒಂದು ಯಾವುದೋ ಸಾರ್ವಜನಿಕ ಸರ್ವರಿನ ಎಸ್‌ಆರ್‌ವಿ ದಾಖಲೆ (ಸೇವೆ ಯಾವ ಯಂತ್ರದಲ್ಲಿದೆ ಎಂದು ಹೇಳುವುದು) ಕೇಳಲು ಡಿಎನ್‌ಎಸ್‌ಗೆ ಹೋಗುತ್ತದೆ, ಉತ್ತರ ಬರದೆ ಬಿಲ್ಡ್ ಕೆಂಪಾಗುತ್ತದೆ. ಎಲ್ಲ ಪರೀಕ್ಷೆಯನ್ನೂ ಒಟ್ಟಿಗೆ ಆಫ್ ಮಾಡುವುದು ಸುಲಭ, ಆದರೆ ಹಾಗೆ ಮಾಡಬೇಡಿ. ‘ಡೆಬಿಯನ್/ರೂಲ್ಸ್’ನಲ್ಲಿ ‘ಪೈಬಿಲ್ಡ್_ಟೆಸ್ಟ್_ಆರ್ಗ್ಸ್’ ಮೂಲಕ ಆ ಪರೀಕ್ಷೆಗಳನ್ನಷ್ಟೇ ಹೆಸರಿಸಿ ಬಿಟ್ಟುಬಿಡಿ, ಪಕ್ಕದಲ್ಲಿ ಯಾಕೆಂದು ಒಂದು ಸಾಲು ಟಿಪ್ಪಣಿ ಇರಲಿ. ಪರದೆ ಬೇಕಾದ ಪರೀಕ್ಷೆಗೆ ‘ಎಕ್ಸ್‌ವಿಎಫ್‌ಬಿ-ರನ್’, ಡಿ-ಬಸ್ ಬೇಕಾದದ್ದಕ್ಕೆ ‘ಡಿಬಸ್-ರನ್-ಸೆಷನ್’ ಸುತ್ತಿ ಓಡಿಸಬಹುದು. ಇಂಗ್ಲಿಷ್ ಅಲ್ಲದ ಅಕ್ಷರ ಇರುವ ಪರೀಕ್ಷೆ ಬಿದ್ದರೆ ‘ಎಲ್‌ಸಿ_ಆಲ್’ಗೆ ‘ಸಿ.ಯುಟಿಎಫ್-8’ ಕೊಟ್ಟು ನೋಡಿ.

ಇನ್ನು ಟಾರ್‌ಬಾಲ್‌ನ, ಅಂದರೆ ಸೋರ್ಸ್ ಕಡತಗಳನ್ನೆಲ್ಲ ಸೇರಿಸಿ ಕಟ್ಟಿದ ಗಂಟಿನ ಒಳಗು. ತಿಪಟೂರಿನವರಿಗೆ ಹೇಳಬೇಕಿಲ್ಲ, ಮಂಡಿಯಲ್ಲಿ ಚೀಲ ಬಿಚ್ಚಿ ನೋಡದೆ ಉಂಡೆ ಕೊಬ್ಬರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜುಗಳನ್ನು ಒಳಬಿಡುವ ತಂಡದವರೂ ಹಾಗೆಯೇ, ಚೀಲದ ತಳದವರೆಗೂ ಕೈ ಹಾಕುತ್ತಾರೆ. ಅವರು ನೋಡುವುದು ಮುಖ್ಯವಾಗಿ ‘ಡೆಬಿಯನ್/ಕಾಪಿರೈಟ್’ ಕಡತ. ಅದರಲ್ಲಿ ಸೋರ್ಸಿನ ಪ್ರತಿ ಕಡತಕ್ಕೂ ಹಕ್ಕುದಾರರು ಯಾರು, ಲೈಸೆನ್ಸ್ ಯಾವುದು ಎಂದು ಇರಬೇಕು. ‘ಲೈಸೆನ್ಸ್‌ಚೆಕ್’ ಎಂಬ ಉಪಕರಣ ಕೋಡ್ ಕಡತಗಳ ತಲೆಬರಹ ಓದಿ ಪಟ್ಟಿ ಕೊಡುತ್ತದೆ. ಚಾಟ್ ಕ್ಲೈಂಟ್‌ನಲ್ಲಿ ತೊಂದರೆ ಇರುವುದು ತಲೆಬರಹ ಇಲ್ಲದ ಕಡತಗಳಲ್ಲಿ: ಎಮೋಜಿ ಚಿತ್ರಗಳು, ಐಕಾನ್‌ಗಳು, ಸಂದೇಶ ಬಂದಾಗ ಟಣ್ ಎನ್ನುವ ಸದ್ದು.

ಆ ಸದ್ದನ್ನೇ ಹಿಡಿದು ನೋಡಿ. ‘ಡೇಟಾ/ಸೌಂಡ್ಸ್’ ಒಳಗೆ ಒಂದು ಪುಟ್ಟ ವೇವ್ ಕಡತ ಇರುತ್ತದೆ. ಕೋಡ್ ಎಲ್ಲ ಜಿಪಿಎಲ್-3. ಆದರೆ ಗಿಟ್ ಇತಿಹಾಸ ಕೆದಕಿದರೆ ಆ ವೇವ್ ಸೇರಿಸಿದ ಕಮಿಟ್‌ನಲ್ಲಿ, ಇದು ಇಂಥ ಸದ್ದಿನ ಸಂಗ್ರಹದಿಂದ ತಂದದ್ದು, ಸಿಸಿ ಬೈ-ಎನ್‌ಸಿ ಲೈಸೆನ್ಸ್ ಎಂದು ಬರೆದಿರುತ್ತದೆ. ಎನ್‌ಸಿ ಎಂದರೆ ವಾಣಿಜ್ಯಕ್ಕೆ ಬಳಸುವಂತಿಲ್ಲ. ಬಳಕೆಯ ಯಾವ ಕ್ಷೇತ್ರಕ್ಕೂ ಅಡ್ಡಿ ಇರಬಾರದು ಎನ್ನುವ ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿಯ 6ನೇ ಅಂಶಕ್ಕೆ ಇದು ನೇರ ವಿರುದ್ಧ. ಅರ್ಧ ಸೆಕೆಂಡಿನ ಸದ್ದಿಗಾಗಿ ಇಡೀ ಪ್ಯಾಕೇಜು ತಿರಸ್ಕಾರ ಆಗುತ್ತದೆ. ಡೆಬ್‌ನಿಂದ ತೆಗೆದರೆ ಸಾಲದು, ಸೋರ್ಸ್ ಟಾರ್‌ಬಾಲ್‌ನಲ್ಲೂ ಇರಬಾರದು, ಏಕೆಂದರೆ ಡೆಬಿಯನ್ ಹಂಚುವುದು ಎರಡನ್ನೂ. ಕಾಪಿರೈಟ್ ಕಡತದ ಮೇಲ್ಭಾಗದಲ್ಲಿ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಸಾಲಿನಲ್ಲಿ ಅದರ ಹೆಸರು ಬರೆದು ‘ಯುಸ್ಕ್ಯಾನ್’ ಓಡಿಸಿದರೆ ಅದು ಮೂಲ ಟಾರ್‌ಬಾಲ್ ಇಳಿಸಿ, ಆ ಕಡತ ಕಿತ್ತುಹಾಕಿ, ಮತ್ತೆ ಕಟ್ಟುತ್ತದೆ. ಆವೃತ್ತಿ ಸಂಖ್ಯೆಗೆ ‘+ಡಿಎಫ್‌ಎಸ್‌ಜಿ’ ಎಂಬ ಬಾಲ ಬರಬೇಕು. ಅದನ್ನು ‘ಡೆಬಿಯನ್/ವಾಚ್’ನಲ್ಲಿ ‘ರೀಪ್ಯಾಕ್‌ಸಫಿಕ್ಸ್’ ಎಂದು ಹೇಳಿಡಬೇಕು.

ಸದ್ದು ಹೋಯಿತಲ್ಲ, ಬದಲಿಗೆ? ‘ಸೌಂಡ್-ಥೀಮ್-ಫ್ರೀಡೆಸ್ಕ್‌ಟಾಪ್’ ಪ್ಯಾಕೇಜಿನಲ್ಲಿ ‘ಮೆಸೇಜ್-ನ್ಯೂ-ಇನ್‌ಸ್ಟಂಟ್’ ಎಂಬ ಸದ್ದು ಇದೇ ಕೆಲಸಕ್ಕೆಂದೇ ಇದೆ. ಒಂದು ಪ್ಯಾಚ್ (ಮೂಲ ಕೋಡ್‌ಗೆ ಮಾಡುವ ಚಿಕ್ಕ ತಿದ್ದುಪಡಿಯ ಕಡತ) ಬರೆದು ಅದರತ್ತ ತಿರುಗಿಸಿ. ಪ್ಯಾಚನ್ನು ಕ್ಲೈಂಟ್ ಬರೆದವರಿಗೂ ಕಳಿಸಿ. ಮುಂದಿನ ಬಿಡುಗಡೆಯಲ್ಲಿ ಅವರೇ ಆ ವೇವ್ ತೆಗೆದರೆ ನಿಮಗೆ ಪ್ರತಿ ಸಲ ಟಾರ್‌ಬಾಲ್ ಮರುಕಟ್ಟುವ ಕಾಟ ತಪ್ಪುತ್ತದೆ. ಪ್ಯಾಚ್ ಮೇಲೆ ‘ಫಾರ್ವರ್ಡೆಡ್’ ಎಂಬ ಸಾಲು ಬರೆದು ಕಳಿಸಿದ ಕೊಂಡಿ ಹಾಕುವುದು ರೂಢಿ.

ಎಮೋಜಿಗಳಲ್ಲಿ ಟ್ವೆಮೋಜಿ ಚಿತ್ರಗಳು ಸಿಸಿ ಬೈ 4.0, ಸಮಸ್ಯೆ ಇಲ್ಲ, ಹೆಸರಿಸಿದರೆ ಸಾಕು. ಆದರೂ ಸಾವಿರಾರು ಚಿತ್ರ ತುಂಬುವ ಬದಲು ‘ಫಾಂಟ್ಸ್-ನೋಟೋ-ಕಲರ್-ಎಮೋಜಿ’ಯನ್ನು ರೆಕಮೆಂಡ್ಸ್‌ಗೆ ಹಾಕುವುದು ಜಾಣತನ. ಸೋರ್ಸಿನೊಳಗೆ ‘ವೆಂಡರ್’ ಅಥವಾ ‘ಥರ್ಡ್-ಪಾರ್ಟಿ’ ಎಂಬ ಫೋಲ್ಡರ್ ಕಂಡರೆ ನಿಂತು ನೋಡಿ. ಅದರೊಳಗೆ ಗೂಢಲಿಪಿ ಲೈಬ್ರರಿಯ ನಕಲಿದ್ದರೆ ತೆಗೆದು ಡೆಬಿಯನ್‌ನಲ್ಲಿರುವ ಪ್ಯಾಕೇಜಿಗೆ ಜೋಡಿಸಲೇಬೇಕು. ದೋಷವೊಂದು ಬಯಲಾದಾಗ ಸೆಕ್ಯೂರಿಟಿ ತಂಡ ಲೈಬ್ರರಿಯನ್ನು ಒಂದು ಕಡೆ ಸರಿಪಡಿಸುತ್ತದೆ. ನಿಮ್ಮ ಕ್ಲೈಂಟ್‌ನ ಹೊಟ್ಟೆಯಲ್ಲಿರುವ ನಕಲು ಹಾಗೇ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಚಾಟ್ ಪದ್ಧತಿಯ ಕ್ಲೈಂಟ್‌ಗಳಿಗೆ ಈ ಬಿಸಿ ಚೆನ್ನಾಗಿಯೇ ತಟ್ಟಿದೆ: ಹಲವು ಕ್ಲೈಂಟ್‌ಗಳು ಬಳಸುತ್ತಿದ್ದ ಲಿಬ್‌ಓಲ್ಮ್ ಲೈಬ್ರರಿಯನ್ನು 2024ರಲ್ಲಿ ಅದನ್ನು ಬರೆದವರೇ ಕೈಬಿಟ್ಟು, ರಸ್ಟ್‌ನಲ್ಲಿ ಬರೆದ ವೊಡೋಜೆಮ್ಯಾಕ್ ಬಳಸಿ ಎಂದರು. ನಿಮ್ಮದು ಎಕ್ಸ್‌ಎಂಪಿಪಿ, ಅಲ್ಲಿ ಒಮೆಮೊ ಎಂಬ ಗೂಢಲಿಪಿ ಪದ್ಧತಿ ಇದೆ. ಕ್ಲೈಂಟ್ ಅದನ್ನು ಯಾವ ಲೈಬ್ರರಿಯಿಂದ ಪಡೆಯುತ್ತದೆ, ಆ ಲೈಬ್ರರಿ ಇನ್ನೂ ಜೀವಂತವಾಗಿದೆಯೇ ಎಂಬುದನ್ನು ಪ್ಯಾಕೇಜಿಂಗ್ ಶುರು ಮಾಡುವ ಮುಂಚೆಯೇ ನೋಡಿ. ಸತ್ತ ಲೈಬ್ರರಿಯ ಮೇಲೆ ನಿಂತ ಕ್ಲೈಂಟಿಗೆ ಶ್ರಮ ಹಾಕುವುದು ನಷ್ಟ. ನೀವು ಪೈಥಾನ್ ಕ್ಲೈಂಟ್ ಆರಿಸಿಕೊಂಡದ್ದೂ ಒಳ್ಳೆಯದಾಯಿತು. ಬ್ರೌಸರನ್ನೇ ಒಳಗಿಟ್ಟುಕೊಂಡು ಪ್ರೋಗ್ರಾಮು ಓಡಿಸುವ ಎಲೆಕ್ಟ್ರಾನ್ ಮೇಲೆ ಕಟ್ಟಿದ್ದಾಗಿದ್ದರೆ ಕೈಬಿಡಿ ಎಂದೇ ಹೇಳಬೇಕಿತ್ತು, ಎಲೆಕ್ಟ್ರಾನ್ ಡೆಬಿಯನ್‌ನಲ್ಲಿ ಇಲ್ಲ.

ಹೊಸ ಆವೃತ್ತಿ ಬಂದಿದೆಯೇ ಎಂದು ಬರೆದವರ ಸರ್ವರನ್ನು ತಾನೇ ಹೋಗಿ ಕೇಳುವ ಕೋಡ್ ಇದ್ದರೆ ಅದನ್ನೂ ಪ್ಯಾಚ್ ಹಾಕಿ ಆಫ್ ಮಾಡಿ. ಅಪ್‌ಡೇಟ್ ಕೊಡುವುದು ಆಪ್ಟ್‌ನ ಕೆಲಸ.

ಕಟ್ಟುವ ಭಾಗ ಚುಟುಕಾಗಿ ಹೇಳಬಹುದು, ಪ್ಯಾಕೇಜು ಕಟ್ಟಲು ನೆರವಾಗುವ ‘ಡಿಎಚ್’ ಉಪಕರಣ ಬಹಳಷ್ಟನ್ನು ತಾನೇ ಮಾಡುತ್ತದೆ. ‘ಡೆಬಿಯನ್/ಸೋರ್ಸ್/ಫಾರ್ಮ್ಯಾಟ್’ನಲ್ಲಿ ‘3.0 (ಕ್ವಿಲ್ಟ್)’. ಬಿಲ್ಡ್-ಡಿಪೆಂಡ್ಸ್‌ನಲ್ಲಿ ‘ಡೆಬ್‌ಹೆಲ್ಪರ್-ಕಂಪ್ಯಾಟ್ (= 13)’, ‘ಡಿಎಚ್-ಸೀಕ್ವೆನ್ಸ್-ಪೈಥಾನ್3’, ‘ಪೈಬಿಲ್ಡ್-ಪ್ಲಗಿನ್-ಪೈಪ್ರಾಜೆಕ್ಟ್’, ‘ಪೈಥಾನ್3-ಸೆಟಪ್‌ಟೂಲ್ಸ್’, ‘ಗೆಟ್‌ಟೆಕ್ಸ್ಟ್’. ಪ್ಯಾಕೇಜಿನ ಹೆಸರು ಕ್ಲೈಂಟ್‌ನ ಹೆಸರೇ ಇರಲಿ. ‘ಪೈಥಾನ್3-’ ಎಂಬ ಪೂರ್ವಪದ ಲೈಬ್ರರಿಗಳಿಗೆ, ಬಳಕೆದಾರರು ತೆರೆಯುವ ಪ್ರೋಗ್ರಾಮಿಗೆ ಬೇಡ. ‘.ಡೆಸ್ಕ್‌ಟಾಪ್’ ಕಡತದಲ್ಲಿ ‘ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಕ್ಸ್‌ಎಂಪಿಪಿ’ ಇದೆಯೇ ನೋಡಿ, ಇದ್ದರೆ ಬ್ರೌಸರಿನಲ್ಲಿ ಎಕ್ಸ್‌ಎಂಪಿಪಿ ಕೊಂಡಿ ಒತ್ತಿದಾಗ ಕ್ಲೈಂಟ್ ತೆರೆಯುತ್ತದೆ. ಕೊನೆಗೆ ಬಿಲ್ಡ್ ಕೊಡುವ ‘.ಚೇಂಜಸ್’ ಕಡತದ ಮೇಲೆ, ಪ್ಯಾಕೇಜಿನ ತಪ್ಪು ಹುಡುಕುವ ‘ಲಿಂಟಿಯನ್’ ಓಡಿಸಿ. ಅದರ ದೂರುಗಳಿಗೆ ಓವರ್‌ರೈಡ್ ಬರೆದು ಬಾಯಿ ಮುಚ್ಚಿಸುವ ಚಟ ಹತ್ತಿಸಿಕೊಳ್ಳಬೇಡಿ. ಹತ್ತರಲ್ಲಿ ಒಂಬತ್ತು ಸಲ ಅದು ಹೇಳಿದ್ದು ಸರಿ ಇರುತ್ತದೆ.

ಕನ್ನಡಿಗರು ಮಾತ್ರ ಮಾಡಬಲ್ಲ ಒಂದು ಪರೀಕ್ಷೆ ಇದೆ, ದಯವಿಟ್ಟು ಬಿಡಬೇಡಿ. ಕ್ಲೈಂಟ್‌ನಲ್ಲಿ ಅಡ್ಡಹೆಸರನ್ನು ‘ರಾಜ್‌ಕುಮಾರ್’ ಎಂದು ಇಟ್ಟು ಒಂದು ಸಂದೇಶ ಕಳಿಸಿ. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಒಂದು ಅಕ್ಷರ ಇದೆ. ಜಕಾರಕ್ಕೆ ಕಕಾರ ಒತ್ತಾಗಿ ಕೂರದಂತೆ ತಡೆಯುವುದು ಅದೇ. ಬೇರೆಯವರದನ್ನೇ ಹೋಲುವ ಹೆಸರಿಟ್ಟು ಮೋಸ ಮಾಡುವುದನ್ನು ತಪ್ಪಿಸಲು ಕೆಲವು ಕ್ಲೈಂಟ್‌ಗಳು ಇಂಥ ಕಾಣದ ಅಕ್ಷರಗಳನ್ನೆಲ್ಲ ಅಳಿಸಿಬಿಡುತ್ತವೆ. ಆಗ ಅದು ‘ರಾಜ್ಕುಮಾರ್’ ಆಗುತ್ತದೆ. ಸಂದೇಶದೊಳಗೂ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಎಂದು ಬಂದರೆ ಸೋಸುವ ಕೋಡ್ ತಪ್ಪು ಜಾಗದಲ್ಲಿದೆ. ಇದನ್ನು ಡೆಬಿಯನ್‌ನಲ್ಲಿ ಪ್ಯಾಚ್ ಹಾಕಿ ಮುಚ್ಚುವ ಬದಲು ಕ್ಲೈಂಟ್ ಬರೆದವರಿಗೇ ಬಗ್ ಹಾಕಿ, ಮೇಲಿನ ಎರಡು ಪದಗಳನ್ನೇ ಉದಾಹರಣೆಗೆ ಕೊಡಿ. ಅಕ್ಷರ ಚೆಂದ ಕಾಣದಿರುವುದು ಬೇರೆ ವಿಷಯ. ಅದು ಫಾಂಟಿನದು, ಕ್ಲೈಂಟ್ ಪ್ಯಾಕೇಜಿಗೆ ಕನ್ನಡ ಫಾಂಟನ್ನು ಡಿಪೆಂಡ್ಸ್ ಮಾಡಬೇಡಿ. ಲ್ಯಾಬ್‌ಗೆ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಇಲ್ಲವೇ ‘ಫಾಂಟ್ಸ್-ಗುಬ್ಬಿ’ ಹಾಕಿದರೆ ಆಯಿತು. (ಜೊತೆಗಾರ ಫಾಂಟಿನ ಹೆಸರು ನವಿಲು. ಹಾಗಾಗಿ ನಿಮ್ಮ ಪಕ್ಕದ ಗುಬ್ಬಿ ತಾಲೂಕಿನವರು ಹಿಗ್ಗುವ ಮುಂಚೆ ಯೋಚಿಸಲಿ.)

ಇನ್ನು ಕೊಡುವ ದಾರಿ. ಬೇರೆ ಯಾರಾದರೂ ಇದೇ ಕ್ಲೈಂಟ್ ಹಿಡಿದಿದ್ದಾರೆಯೇ ಎಂದು ಡೆಬಿಯನ್‌ನ ಡಬ್ಲ್ಯುಎನ್‌ಪಿಪಿ (ಆಗಬೇಕಾದ, ಆಗುತ್ತಿರುವ ಪ್ಯಾಕೇಜುಗಳ) ಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ ‘ರಿಪೋರ್ಟ್‌ಬಗ್’ ಮೂಲಕ ಐಟಿಪಿ, ಅಂದರೆ ಪ್ಯಾಕೇಜು ಮಾಡುವ ಉದ್ದೇಶ ಸಾರುವ ಬಗ್ ದಾಖಲಿಸಿ. ಅದಕ್ಕೆ ಸಿಕ್ಕ ಸಂಖ್ಯೆಯನ್ನು ‘ಡೆಬಿಯನ್/ಚೇಂಜ್‌ಲಾಗ್’ನ ಮೊದಲ ನಮೂದಿನಲ್ಲಿ ‘ಕ್ಲೋಸಸ್’ ಎಂದು ಬರೆದರೆ ಪ್ಯಾಕೇಜು ಒಳಹೋದಾಗ ಬಗ್ ತಾನೇ ಮುಚ್ಚುತ್ತದೆ. ಡೆಬಿಯನ್‌ನಲ್ಲಿ ಎಕ್ಸ್‌ಎಂಪಿಪಿ ಪ್ಯಾಕೇಜುಗಳಿಗೇ ಒಂದು ತಂಡ ಇದೆ, ಗಾಜಿಮ್, ಡೈನೋ ಮುಂತಾದವನ್ನು ನೋಡಿಕೊಳ್ಳುವವರು ಅವರೇ. ಒಬ್ಬರೇ ಮೇಂಟೇನರ್ ಆಗುವ ಬದಲು ಡೆಬಿಯನ್‌ನ ಗಿಟ್ ತಾಣವಾದ ಸಾಲ್ಸಾದಲ್ಲಿ ಆ ತಂಡ ಸೇರಿಕೊಳ್ಳಿ. ನೀವು ಡಿಗ್ರಿ ಮುಗಿಸಿ ಊರು ಬಿಟ್ಟ ಮೇಲೂ ಪ್ಯಾಕೇಜು ಅನಾಥವಾಗುವುದಿಲ್ಲ, ಸ್ಪಾನ್ಸರ್ ಸಿಗುವುದೂ ಸಲೀಸು.

ಸ್ಪಾನ್ಸರ್ ಎಂದರೆ ನಿಮ್ಮ ಕೆಲಸ ಪರಿಶೀಲಿಸಿ ತಮ್ಮ ಸಹಿಯಲ್ಲಿ ಅಪ್‌ಲೋಡ್ ಮಾಡುವ ಡೆಬಿಯನ್ ಡೆವಲಪರ್. ನಿಮ್ಮ ಸೋರ್ಸ್ ಪ್ಯಾಕೇಜಿಗೆ ನಿಮ್ಮ ಜಿಪಿಜಿ ಕೀಯಿಂದ ಸಹಿ ಹಾಕಿ, ಡೆಬಿಯನ್ ಮೆಂಟರ್ಸ್ ತಾಣಕ್ಕೆ ‘ಡಿಪುಟ್’ ಮಾಡಿ, ‘ಸ್ಪಾನ್ಸರ್‌ಶಿಪ್-ರಿಕ್ವೆಸ್ಟ್ಸ್’ಗೆ ಒಂದು ಬಗ್ ಹಾಕಿ. ಈ ಹಂತದಲ್ಲಿ ಕೀಗೆ ಬೇರೆಯವರ ಸಹಿ ಮಾಡಿಸಲು ಬೆಂಗಳೂರಿಗೆ ಓಡಬೇಕಿಲ್ಲ. ಮುಂದೆ ನೀವೇ ನೇರ ಅಪ್‌ಲೋಡ್ ಮಾಡುವ ಡೆಬಿಯನ್ ಮೇಂಟೇನರ್ ಆಗಹೊರಟಾಗ ಅದು ಬೇಕಾಗುತ್ತದೆ. ಸ್ಪಾನ್ಸರ್ ಒಪ್ಪಿದ ಮೇಲೆ ಪ್ಯಾಕೇಜು ‘ನ್ಯೂ’ ಎಂಬ ಪರಿಶೀಲನೆಯ ಸಾಲಿನಲ್ಲಿ ಕಾಯುತ್ತದೆ, ಅದು ದಿನಗಳೂ ಆಗಬಹುದು ತಿಂಗಳುಗಳೂ ಆಗಬಹುದು. ಇಲ್ಲಿ ಹೊಸಬರು ಮರೆಯುವುದು ಒಂದು: ನ್ಯೂಗೆ ಕಳಿಸುವಾಗ ಕಟ್ಟಿದ ಡೆಬ್ ಕೂಡ ಜೊತೆಗಿರಬೇಕು, ಆದರೆ ಹಾಗೆ ಕೈಯಿಂದ ಬಂದ ಡೆಬ್ ಟೆಸ್ಟಿಂಗ್‌ಗೆ, ಅಂದರೆ ಮುಂದಿನ ಬಿಡುಗಡೆ ರೂಪುಗೊಳ್ಳುವ ಆವೃತ್ತಿಗೆ ಹೋಗುವುದಿಲ್ಲ. ಒಪ್ಪಿಗೆ ಸಿಕ್ಕ ಕೂಡಲೇ ಚೇಂಜ್‌ಲಾಗ್‌ನಲ್ಲಿ ಆವೃತ್ತಿ ಸಂಖ್ಯೆಯ ಕೊನೆಯ -1 ಅನ್ನು -2 ಎಂದು ಏರಿಸಿ ಸೋರ್ಸ್ ಮಾತ್ರ ಇನ್ನೊಮ್ಮೆ ಅಪ್‌ಲೋಡ್ ಮಾಡಿಸಿ. ಡೆಬಿಯನ್‌ನ ಯಂತ್ರಗಳೇ ಬಿಲ್ಡ್ ಮಾಡಿದ ಮೇಲೆ, ದೊಡ್ಡ ಬಗ್ ಇಲ್ಲದಿದ್ದರೆ ಸಾಮಾನ್ಯವಾಗಿ 5 ದಿನಕ್ಕೆ ಟೆಸ್ಟಿಂಗ್ ಸೇರುತ್ತದೆ.

ಆದರೆ ನಿಮ್ಮ ಲ್ಯಾಬ್ ಇರುವುದು ಡೆಬಿಯನ್ 13ರಲ್ಲಿ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಆ ಆವೃತ್ತಿಗೆ ಹೊಸ ಪ್ಯಾಕೇಜು ಸೇರಿಸುವುದಿಲ್ಲ, ನಿಮ್ಮ ಕ್ಲೈಂಟ್ 14ರಲ್ಲಿ ಬರುತ್ತದೆ. ಟೆಸ್ಟಿಂಗ್ ಸೇರಿದ ಮೇಲೆ ಬ್ಯಾಕ್‌ಪೋರ್ಟ್ಸ್‌ಗೆ (ಹೊಸ ಪ್ಯಾಕೇಜುಗಳನ್ನು ಹಳೆಯ ಬಿಡುಗಡೆಗೆ ಕಟ್ಟಿಕೊಡುವ ಜಾಗ) ಹಾಕಿಸಿದರೆ 13ರಲ್ಲೂ ಸಿಗುತ್ತದೆ. ಅಲ್ಲಿಯವರೆಗೆ ಲ್ಯಾಬ್‌ನ ಒಂದು ಯಂತ್ರದಲ್ಲಿ ‘ರೆಪ್ರೆಪ್ರೊ’ ಬಳಸಿ ನಿಮ್ಮದೇ ಪುಟ್ಟ ರೆಪೊಸಿಟರಿ ಇಡಿ. ಅದಕ್ಕೆ ಹಾಕುವ ಡೆಬ್ ಮಾತ್ರ ಅನ್‌ಸ್ಟೇಬಲ್ ಬದಲು 13ರ ಎಸ್‌ಬಿಲ್ಡ್‌ನಲ್ಲಿ ಕಟ್ಟಿದ್ದಿರಲಿ.

ಆವೃತ್ತಿ ಸಂಖ್ಯೆ ಕೊಡುವಾಗ ಒಂದು ಚಿಹ್ನೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಅಧಿಕೃತವಾಗಿ ಬರುವುದು 1.4.2-1 ಎಂದಿಟ್ಟುಕೊಳ್ಳಿ. ನಿಮ್ಮದಕ್ಕೆ 1.4.2-1ತಿಪಟೂರು1 ಎಂದರೆ (ಊರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ) ಆಪ್ಟ್ ಲೆಕ್ಕದಲ್ಲಿ ನಿಮ್ಮದೇ ದೊಡ್ಡದು, ಅಧಿಕೃತ 1.4.2-1 ಬಂದರೂ ಯಂತ್ರಗಳು ಕದಲುವುದಿಲ್ಲ. ನಡುವೆ ಅಲೆ ಚಿಹ್ನೆ ಹಾಕಿ 1.4.2-1~ತಿಪಟೂರು1 ಎಂದು ಬರೆಯಿರಿ. ಅಲೆಯ ನಂತರ ಏನಿದ್ದರೂ ಅದು ಬರಿಯ 1.4.2-1ಕ್ಕಿಂತ ಚಿಕ್ಕದು. ಬ್ಯಾಕ್‌ಪೋರ್ಟ್ಸ್‌ನವರು ಬಳಸುವುದೂ ಇದೇ ಅಲೆ, ಅಲ್ಲಿ ಬಾಲ ‘~ಬಿಪಿಒ13+1’. ಬಿ ಅಕ್ಷರ ಟಿಗಿಂತ ಮುಂಚೆ ಬರುವುದರಿಂದ 1.4.2-1ರ ಬ್ಯಾಕ್‌ಪೋರ್ಟ್ ನಿಮ್ಮದಕ್ಕಿಂತ ಚಿಕ್ಕದಾಗಿಬಿಡುತ್ತದೆ. ಬ್ಯಾಕ್‌ಪೋರ್ಟ್‌ಗೆ ಹೋಗುವುದು ಟೆಸ್ಟಿಂಗ್‌ನಲ್ಲಿರುವ -2 ಆದ್ದರಿಂದ ಇಲ್ಲಿ ತೊಂದರೆ ಆಗದು. ಆದರೂ ನಿಮ್ಮ ಸಂಖ್ಯೆಯನ್ನು 1.4.2-0~ತಿಪಟೂರು1 ಎಂದೇ ಶುರು ಮಾಡಿದರೆ ಈ ಲೆಕ್ಕ ಹಾಕುತ್ತ ಕೂರಬೇಕಾಗುವುದಿಲ್ಲ. ಹಾಕುವ ಮೊದಲು ‘ಡಿಪಿಕೆಜಿ --ಕಂಪೇರ್-ವರ್ಷನ್ಸ್’ ಆಜ್ಞೆಗೆ ಎರಡೂ ಸಂಖ್ಯೆ ಕೊಟ್ಟು ಯಾವುದು ಚಿಕ್ಕದೆಂದು ಕೇಳಿ ನೋಡಿ.